ಮೂರರಿಂದ ಶುರುವಾದ ನೋವು

ನಮ್ಮಣ್ಣನನ್ನು ನೀವು ನೋಡಿಲ್ಲದೆ ಇರಬಹುದು, ಆದರೆ ಬೆಳಗಿನ ಹೊತ್ತು ಸಗಟು ತರಕಾರಿ ಮಾರುಕಟ್ಟೆಯ ಹತ್ತಿರ ಹಾದುಹೋಗಿದ್ದರೆ ಅವನ ದನಿಯನ್ನಂತೂ ಕೇಳಿರುತ್ತೀರಿ. ತಗಡಿನ ಮಾಡಿನ ಕೆಳಗೆ, ಬೋರಲು ಹಾಕಿದ ಟೊಮೆಟೊ ಕ್ರೇಟಿನ ಮೇಲೆ ನಿಂತು ಹರಾಜು ಕೂಗುವ ಗಂಟಲು ಅವನದು. ಒಮ್ಮೆ ಮಾರುಕಟ್ಟೆಯವರು ಪಾಪ ಎಂದುಕೊಂಡು ಮೈಕು ತಂದುಕೊಟ್ಟರು. ಎರಡೇ ದಿನಕ್ಕೆ ವಾಪಸ್ ಮಾಡಿದ. ಮೈಕು ಅವನ ದನಿಗೆ ಅಡ್ಡ ಬರುತ್ತದಂತೆ! 'ಒಂದ್ನೇ ಸಲ, ಎರಡ್ನೇ ಸಲ' ಎಂದು ರಾಗವಾಗಿ ಎಳೆದು, 'ಮೂರ್ನೇ ಸಲ!' ಎಂದು ಅಂಗೈಗೆ ಅಂಗೈ ಬಡಿದನೆಂದರೆ ಮಾಲು ಕೈ ಬದಲಾಯಿತೆಂದೇ ಲೆಕ್ಕ. ಹಾಗಾಗಿ ಅಲ್ಲಿ ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಉಳಿದಿಲ್ಲ. ಕೂಲಿಯವರಿಂದ ಹಿಡಿದು ವ್ಯಾಪಾರಿಗಳವರೆಗೆ ಎಲ್ಲರೂ 'ಮೂರ್ನೇಸಲ' ಎಂದೇ ಕರೆಯುವುದು. ಅವನೂ ಓ ಎನ್ನುತ್ತಾನೆ.

ನಾನು ಅವನ ತಂಗಿ. ಮೂಲೆ ಬೀದಿಯಲ್ಲಿ ಒಂದು ತರಕಾರಿ ಅಂಗಡಿ ಇಟ್ಟುಕೊಂಡಿದ್ದೇನೆ. ಮಾಲು ಕೊಳ್ಳುವುದು ಇದೇ ಅಣ್ಣನ ಹರಾಜಿನಲ್ಲಿ. ತಂಗಿ ಎಂದು ಏನಾದರೂ ಕಡಿಮೆಗೆ ಸಿಕ್ಕೀತು ಎಂದು ನೀವು ಅಂದುಕೊಂಡಿದ್ದರೆ ಆ ಆಸೆಯನ್ನು ಇಲ್ಲೇ ಬಿಟ್ಟುಬಿಡಿ. ಒಮ್ಮೆ, ಒಂದೇ ಒಂದು ಸಲ, ಎಲೆಕೋಸಿನ ಮೂಟೆ ಬೇಗ ಮುಗಿಸು ಮಾರಾಯ ಎಂದು ಕಣ್ಣು ಮಿಟುಕಿಸಿದ್ದೆ. ಕ್ರೇಟಿನ ಮೇಲಿಂದಲೇ ಇಡೀ ಮಾರುಕಟ್ಟೆಗೆ ಕೇಳುವಂತೆ, "ಇಲ್ಲೊಬ್ರ ಕಣ್ಣಿಗೆ ಧೂಳು ಬಿದ್ದಿದೆ, ಯಾರಾದ್ರೂ ಸ್ವಲ್ಪ ನೀರು ಕೊಡಿ!" ಎಂದುಬಿಟ್ಟ. ಆವತ್ತು ನಾನು ಎಲೆಕೋಸನ್ನೇ ಕೊಳ್ಳದೆ ಮನೆಗೆ ಹೋದೆ.

ಹರಾಜು ಕೂಗುವವರಿಗೆ ಒಂದು ಕಟ್ಟುಪಾಡಿದೆ. ಮಾಲಿನ ನಿಜವಾದ ಬೆಲೆಯನ್ನು ಅವರು ಎಂದೂ ಮೊದಲು ಬಾಯಿಬಿಡುವುದಿಲ್ಲ. ಕೇಳಿದವರಿಗೆ ನಗು ಬರಬೇಕು, ಅಷ್ಟು ಕೆಳಗಿನಿಂದ ಶುರು ಮಾಡುತ್ತಾರೆ. ನಕ್ಕವನು ಬಾಯಿ ತೆರೆಯುತ್ತಾನೆ, ತೆರೆದ ಬಾಯಿಂದ ಒಂದು ಕೂಗು ಬರುತ್ತದೆ, ಅದರ ಮೇಲೆ ಇನ್ನೊಬ್ಬ ಕೂಗುತ್ತಾನೆ. ಬೆಲೆಯನ್ನು ಮೇಲಕ್ಕೆ ಹತ್ತಿಸುವುದು ಜನರ ಕೆಲಸ, ಕೂಗುವವನದಲ್ಲ. ಮಾರುಕಟ್ಟೆಗೆ ಇದು ಸರಿ. ಆದರೆ ನಮ್ಮಣ್ಣ ಈ ಚಾಳಿಯನ್ನು ಚಪ್ಪಲಿಯ ಹಾಗೆ ಬಾಗಿಲಲ್ಲಿ ಬಿಟ್ಟು ಒಳಗೆ ಬರುವವನಲ್ಲ. ಹಸಿವಾ ಎಂದು ಕೇಳಿದರೆ "ಸ್ವಲ್ಪ" ಎಂದು ಹೇಳಿ ಪಾತ್ರೆಯ ತಳ ಕೆರೆಯುತ್ತಾನೆ. ಮೈ ಕೆಂಡವಾಗಿದ್ದರೆ "ಕೊಂಚ ಬಿಸಿ". ಮಗಳ ಮದುವೆಯ ದಿನ ಗೋಡೆ ಕಡೆ ಮುಖ ಮಾಡಿ ನಿಂತಿದ್ದವನನ್ನು ಏನಣ್ಣಾ ಎಂದು ಕೇಳಿದ್ದಕ್ಕೆ, "ಏನಿಲ್ಲ, ಸ್ವಲ್ಪ ಸೆಕೆ" ಎಂದಿದ್ದ. ಸೆಕೆಗೆ ಮೂಗು ಸೋರುವುದನ್ನು ನಾನು ಆವತ್ತೇ ನೋಡಿದ್ದು.

ಇನ್ನು ನಮ್ಮತ್ತಿಗೆ. ಅವರದು ದೊಡ್ಡ ಬೀದಿಯಲ್ಲಿ ತುಂಡುಬಟ್ಟೆಯ ಅಂಗಡಿ. ಅಲ್ಲಿಯ ಕಟ್ಟುಪಾಡು ತಿರುಗುಮುರುಗು. ಗಿರಾಕಿ ಹೇಗೂ ಕಡಿತ ಕೇಳುತ್ತಾನಲ್ಲ, ಅದಕ್ಕೆ ಮೊದಲ ಮಾತಿಗೇ ಬೆಲೆಯನ್ನು ಆಕಾಶಕ್ಕೆ ಹತ್ತಿಸಿ ಕೂರಿಸುವುದು. ಅತ್ತಿಗೆಗೆ ಎಂದೂ ಬರೀ ತಲೆನೋವು ಬಂದಿಲ್ಲ, ಬಂದರೆ ತಲೆ ಸಿಡಿದು ಹೋಳಾಗುತ್ತದೆ. ಮನೆಗೆ ನಾಲ್ಕು ಜನ ಬಂದರೆ ಜಾತ್ರೆಯೇ ಬಂದಿತ್ತು ಎನ್ನುತ್ತಾರೆ. ಒಬ್ಬರು ನೆಲ, ಒಬ್ಬರು ಸೂರು. ಇಬ್ಬರ ನಡುವೆ ಎಲ್ಲೋ ನಿಜ ನೇತಾಡುತ್ತಿರುತ್ತದೆ. ಮನೆಯ ಮಕ್ಕಳು ಚಿಕ್ಕಂದಿನಿಂದಲೇ ಇಬ್ಬರ ಮಾತನ್ನೂ ಕೂಡಿಸಿ ಎರಡರಿಂದ ಭಾಗಿಸಲು ಕಲಿತುಬಿಟ್ಟಿದ್ದವು. ಲೆಕ್ಕದಲ್ಲಿ ಯಾವತ್ತೂ ಫೇಲಾಗಲಿಲ್ಲ ಬಿಡಿ.

ಇಂಥ ಅಣ್ಣನಿಗೆ ಹೊಟ್ಟೆಯ ಬಲಗಡೆ "ಸ್ವಲ್ಪ ಹಿಡಿದ ಹಾಗೆ" ಆಗಿ ತಿಂಗಳುಗಳೇ ಕಳೆದಿದ್ದವು. ಪಿತ್ತಕೋಶದಲ್ಲಿ ಕಲ್ಲು ಎಂದು ನಮಗೆ ಗೊತ್ತಾದದ್ದು ಒಂದು ಬೆಳಿಗ್ಗೆ, ಆಲೂಗಡ್ಡೆಯ ಹರಾಜಿನ ನಡುವೆ. 'ಎರಡ್ನೇ ಸಲ' ಎಂದವನು ಮುಂದಿನ ಮಾತು ಹೇಳದೆ ಕ್ರೇಟಿನ ಮೇಲಿಂದ ಮೆಲ್ಲನೆ ಕುಸಿದ. ನಾವೆಲ್ಲ ಬಾಯಿ ಬಾಯಿ ಬಡಿದುಕೊಂಡು ಆಸ್ಪತ್ರೆಗೆ ಸಾಗಿಸಿದರೆ, ಕೊನೆಯ ಕೂಗು ಕೂಗಿದ್ದ ವ್ಯಾಪಾರಿಯೂ ಹಿಂದೆಯೇ ಬಂದ. ಒಳ್ಳೆಯ ಮನುಷ್ಯ, ಕಾಳಜಿಯಿಂದ ಬಂದಿದ್ದಾನೆ ಎಂದುಕೊಂಡೆ. ಅವನು ನನ್ನನ್ನು ಪಕ್ಕಕ್ಕೆ ಕರೆದು, "ಅಲ್ಲಾ ಅಕ್ಕಾ, ಆ ಆಲೂಗಡ್ಡೆ ನಂದೇ ಅಂತ ಅಂದ್ಕೋಬಹುದಾ?" ಎಂದ. ನಾನು ನೋಡಿದ ನೋಟಕ್ಕೆ ಅವನು ಎರಡೆರಡು ಮೆಟ್ಟಿಲು ಹಾರಿ ಇಳಿದು ಹೋದ.

ಪಿತ್ತಕೋಶ ಒಳಗೇ ಕೊಳೆತು ಹೋಗಿತ್ತು. ಸಣ್ಣ ತೂತು ಮಾಡಿ ತೆಗೆಯುವ ಕಾಲ ಮೀರಿತ್ತು. ಪಕ್ಕೆಲುಬಿನ ಕೆಳಗೆ ಗೇಣುದ್ದ ಕೊಯ್ದೇ ತೆಗೆದರು. ಆಪರೇಷನ್ ಮಾಡಿದ ಡಾಕ್ಟರಮ್ಮ ಸಣ್ಣ ಆಕಾರದ, ಚುರುಕು ನಡಿಗೆಯ ಹೆಂಗಸು. ಹೊರಗೆ ಬಂದು, "ಆಪರೇಷನ್ ಚೆನ್ನಾಗಾಯ್ತು. ಇನ್ನು ಮುಂದಿನ ಕೆಲಸ ಅವ್ರದ್ದು. ನೋವನ್ನ ಹಿಡಿತದಲ್ಲಿ ಇಟ್ಕೊಂಡು ಚೆನ್ನಾಗಿ ಉಸಿರು ಎಳೀಬೇಕು, ಕೆಮ್ಮಬೇಕು, ಎದ್ದು ಓಡಾಡ್ಬೇಕು," ಎಂದರು. ಇಷ್ಟೇನಾ ಎಂದು ನಾವು ನಿಟ್ಟುಸಿರು ಬಿಟ್ಟೆವು. ಕೂಗಿ ಬದುಕುವವನಿಗೆ ಉಸಿರು ಎಳೆಯುವುದನ್ನು ಯಾರು ಹೇಳಿಕೊಡಬೇಕು?

ಮಾರನೇ ದಿನ ವಾರ್ಡಿನಲ್ಲಿ ಒಬ್ಬ ಎಳೆ ವಯಸ್ಸಿನ ಸಿಸ್ಟರ್ ಬಂದಳು. ಕೂದಲನ್ನು ಬಿಗಿಯಾಗಿ ಕಟ್ಟಿದ್ದಳು, ಮಾತು ಮೆತ್ತಗಿತ್ತು.

"ಅಂಕಲ್, ಸೊನ್ನೆ ಅಂದ್ರೆ ನೋವೇ ಇಲ್ಲ. ಹತ್ತು ಅಂದ್ರೆ ತಡ್ಕೊಳ್ಳೋಕೇ ಆಗದಷ್ಟು. ನಿಮಗೆ ಎಷ್ಟಿದೆ?"

ಅಣ್ಣ ಅವಳನ್ನು ಒಮ್ಮೆ ನೋಡಿದ. ಹಾಸಿಗೆಯ ಸುತ್ತ ನಿಂತ ನಮ್ಮನ್ನೂ ನೋಡಿದ. ಗಂಟಲು ಸರಿಮಾಡಿಕೊಳ್ಳಲು ಹೋಗಿ, ಹೊಟ್ಟೆ ಎಳೆದು, ಬೇಡವೆಂದು ಬಿಟ್ಟ.

"ಮೂರು," ಎಂದ.

ಹೇಳಿ ಸುಮ್ಮನೆ ಅವಳ ಮುಖವನ್ನೇ ನೋಡುತ್ತ ಮಲಗಿದ. ಆ ನೋಟ ನನಗೆ ಎಲ್ಲೋ ನೋಡಿದ ಹಾಗಿತ್ತು, ಆದರೆ ಆಗ ಹೊಳೆಯಲಿಲ್ಲ.

"ಮೂರಂತೆ ಮೂರು!" ಎಂದರು ಅತ್ತಿಗೆ. "ಹತ್ತು ಅಂತ ಬರ್ಕೊಳ್ಳಿ ಸಿಸ್ಟರ್. ಹತ್ತಕ್ಕಿಂತ ಮೇಲೆ ಏನಾದ್ರೂ ಇದ್ರೆ ಅದನ್ನೇ ಬರ್ಕೊಳ್ಳಿ."

"ಹತ್ತೇ ಕೊನೆ ಆಂಟಿ. ಆಮೇಲೆ, ನೋವು ಯಾರಿಗೋ ಅವ್ರು ಹೇಳಿದ್ದನ್ನೇ ನಾವು ಬರ್ಕೊಳ್ಳೋದು." ಅವಳು ಮೂರು ಎಂದು ಬರೆದುಕೊಂಡು, ಒಂದು ಪುಟ್ಟ ಬಟ್ಟಲಲ್ಲಿ ಮಾತ್ರೆಗಳನ್ನು ಇಟ್ಟಳು.

ಅಣ್ಣ ಬಟ್ಟಲೊಳಗೆ ಇಣುಕಿದ. "ಇದು ಜ್ವರದ ಮಾತ್ರೆ ಅಲ್ವೇನಮ್ಮ? ಪ್ಯಾರಾಸಿಟಮಾಲು. ನನಗೆಲ್ಲಿ ಜ್ವರ ಇದೆ?"

"ನೋವಿಗೂ ಅದೇ ಅಂಕಲ್. ಇನ್ನೊಂದು ಊತ ಇಳಿಸೋದು, ಊಟ ಆದ್ಮೇಲೆ ತಗೋಬೇಕು. ಎರಡೂ ಹೊತ್ತಿಗೆ ಸರಿಯಾಗಿ."

"ಇಟ್ಟಿರು. ಬೇಕಾದಾಗ ತಗೊಳ್ತೀನಿ."

ಅತ್ತಿಗೆಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಬಂದದ್ದು ಗಂಡ ಮಾತ್ರೆ ತೆಗೆದುಕೊಳ್ಳಲಿಲ್ಲ ಎಂದಲ್ಲ, ಮಾತ್ರೆ ತೀರಾ ಸಾದಾ ಎಂದು. ಅಂಗಡಿಯಲ್ಲಿ ಮೊದಲು ಬಿಚ್ಚಿ ತೋರಿಸುವ ಬಟ್ಟೆ ಯಾವಾಗಲೂ ಎರಡನೇ ದರ್ಜೆಯದು, ಒಳ್ಳೆಯದು ಒಳಗಿನ ಕಪಾಟಿನಲ್ಲಿರುತ್ತದೆ ಎಂಬುದು ಅವರ ಬದುಕಿನ ನಂಬಿಕೆ. ಅವರು ಸಿಸ್ಟರಿನ ತೋಳು ಹಿಡಿದು ಪಕ್ಕಕ್ಕೆ ಕರೆದೊಯ್ದರು. "ನೋಡಮ್ಮ, ನಾವೂ ವ್ಯಾಪಾರದವ್ರೇ. ಒಳಗಿನ ಮಾಲು ತೋರ್ಸು. ಒಂದು ಚುಚ್ಚಿದ್ರೆ ಮನುಷ್ಯ ಜಗತ್ತನ್ನೇ ಮರ್ತು ಮಲಗ್ತಾನಂತಲ್ಲ, ಆ ಇಂಜೆಕ್ಷನ್ನು."

"ಅದು ಇವ್ರಿಗೆ ಬೇಡ ಅಂತ ಡಾಕ್ಟ್ರು ಹೇಳಿದ್ದಾರೆ ಆಂಟಿ."

"ಹೇಳ್ತಾರೆ, ಹೇಳ್ತಾರೆ," ಎಂದರು ಅತ್ತಿಗೆ, ಗಿರಾಕಿಯ ಮುಖ ನೋಡುವ ಅದೇ ಓರೆಗಣ್ಣಿನಲ್ಲಿ. ಸಿಸ್ಟರ್ ನಕ್ಕು ಮುಂದಿನ ಹಾಸಿಗೆಗೆ ಹೋದಳು. ಬಟ್ಟಲು ಅಲ್ಲೇ ಉಳಿಯಿತು.

ಆಪರೇಷನ್ ಹೊತ್ತಿಗೆ ಪಕ್ಕೆಗೆ ಕೊಟ್ಟಿದ್ದ ಮರಗಟ್ಟಿಸುವ ಮದ್ದಿನ ಪ್ರಭಾವ ಮಧ್ಯಾಹ್ನದ ಹೊತ್ತಿಗೆ ಇಳಿಯಿತು. ಆಮೇಲೆ ನಮ್ಮಣ್ಣ ಅಲುಗಾಡುವುದನ್ನೇ ಬಿಟ್ಟ. ತುಂಬಿದ ಕೊಡ ಎದೆಯ ಮೇಲಿದೆಯೇನೋ ಎಂಬಂತೆ ಮಲಗಿದ್ದ. ಉಸಿರು ಕುತ್ತಿಗೆಯವರೆಗೆ ಬಂದು ಅಲ್ಲಿಂದಲೇ ವಾಪಸ್ ಹೋಗುತ್ತಿತ್ತು. ಕೆಮ್ಮು ಬಂದರೆ ಹಲ್ಲು ಕಚ್ಚಿ ನುಂಗುತ್ತಿದ್ದ. ಸಿಸ್ಟರ್ ಬಂದು ಕೇಳಿದಾಗಲೆಲ್ಲ ಅದೇ ಉತ್ತರ, "ಮೂರು." ಮಾತ್ರೆ ತಗೊಳ್ಳಿ ಎಂದರೆ, "ಮೂರಕ್ಕೆಲ್ಲ ಯಾಕಮ್ಮ ಮಾತ್ರೆ?"

ಸಂಜೆ ವ್ಯಾಯಾಮ ಮಾಡಿಸುವವರು ಬಂದು ಒಂದು ಪ್ಲಾಸ್ಟಿಕ್ ಡಬ್ಬಿ ಕೊಟ್ಟುಹೋದರು. ಮಕ್ಕಳ ಆಟಿಕೆಯ ಹಾಗಿತ್ತು. ಮೂರು ಕೊಳವೆ, ಒಂದೊಂದರಲ್ಲೂ ಒಂದೊಂದು ಬಣ್ಣದ ಚೆಂಡು. ನಳಿಗೆ ಬಾಯಿಟ್ಟು ಉಸಿರನ್ನು ಒಳಕ್ಕೆ ಎಳೆದರೆ ಚೆಂಡು ಮೇಲೇರಬೇಕು. ನಾನು ಎಳೆದೆ, ಮೂರೂ ಟಪಟಪ ಎಂದು ಮೇಲೆ ಹೋದವು. ಅತ್ತಿಗೆ ಎಳೆದರು, ಎರಡು ಏರಿದವು. ಅಣ್ಣ ಎಳೆದ. ಮೊದಲ ಚೆಂಡು ಕೂತಲ್ಲೇ ಒಂದು ಸಲ ನಡುಗಿ ಸುಮ್ಮನಾಯಿತು.

"ಇಡೀ ಮಾರ್ಕೆಟ್ಟನ್ನ ಎತ್ತಿ ಕುಣಿಸೋನಿಗೆ ಒಂದು ಗೋಲಿ ಎತ್ತೋಕೆ ಆಗಲ್ವೇನೋ ಅಣ್ಣಾ?" ಎಂದು ರೇಗಿಸಿದೆ.

"ಚೆಂಡು ಭಾರ ಇದೆ," ಎಂದ. "ಕಂಪನಿಯವ್ರು ಮೋಸ ಮಾಡಿದ್ದಾರೆ."

ನಾವು ನಕ್ಕೆವು. ಅವನೂ ನಗಲು ಹೋದ. ನಗು ಹೊಟ್ಟೆಗೆ ತಗುಲಿತೋ ಏನೋ, ಮುಖದ ಬಣ್ಣವೇ ಹೋಯಿತು. ಎರಡೂ ಕೈಯಲ್ಲಿ ಹಾಸಿಗೆಯ ಕಂಬಿ ಹಿಡಿದುಕೊಂಡ. ಅತ್ತಿಗೆಯ ನಗು ಅರ್ಧಕ್ಕೇ ನಿಂತಿತು.

ಮರುದಿನ ಬೆಳಿಗ್ಗೆ ಅವನ ಮೈ ಬೆಚ್ಚಗಿತ್ತು. ಆಕ್ಸಿಜನ್ ಅಳೆಯಲು ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪಿನ ಮೆಷಿನ್ನು ಕಿಂಯ್ ಕಿಂಯ್ ಎನ್ನತೊಡಗಿತು. ಡಾಕ್ಟರಮ್ಮ ಬಂದು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಹಾಸಿಗೆಯ ಬಳಿಗೇ ಮೆಷಿನ್ ತರಿಸಿ ಎಕ್ಸ್‌ರೇ ತೆಗೆಸಿದರು. ಅದನ್ನು ಬೆಳಕಿಗೆ ಹಿಡಿದಾಗ ಬಲಗಡೆಯ ತಳದಲ್ಲಿ ಒಂದು ಮಬ್ಬು ಕಲೆ ನನಗೂ ಕಾಣಿಸಿತು.

"ಶ್ವಾಸಕೋಶದ ತಳ ಮುಚ್ಕೊಂಡಿದೆ. ಉಸಿರು ಅಲ್ಲಿವರೆಗೆ ಹೋಗ್ತಾನೇ ಇಲ್ಲ, ಕಫ ಕಟ್ಕೊಳ್ತಿದೆ," ಎಂದರು. "ಇವತ್ತು ಕೆಮ್ಮಿ ಅದನ್ನ ಹೊರಗೆ ಹಾಕ್ಬೇಕು. ನಾಳೆ ಮತ್ತೆ ಎಕ್ಸ್‌ರೇ ತೆಗೀತೀವಿ. ಆಗ್ಲೂ ಹೀಗೇ ಇದ್ದು, ಇನ್ನೂ ಹೆಚ್ಚಿದ್ರೆ, ನ್ಯುಮೋನಿಯಾಕ್ಕೆ ತಿರುಗುತ್ತೆ. ಗಂಟಲೊಳಗೆ ನಳಿಕೆ ಇಳಿಸಿ ಮೆಷಿನ್ನಿಂದ ಉಸಿರಾಡಿಸೋ ಪರಿಸ್ಥಿತಿ ಬರ್ಬಹುದು. ಈ ವಯಸ್ಸಿಗೆ ಅದು ಜೀವಕ್ಕೇ ಅಪಾಯ."

ಅತ್ತಿಗೆಯ ಕಣ್ಣು ಅಣ್ಣನ ಗಂಟಲ ಮೇಲೆ ನೆಟ್ಟಿತ್ತು.

ಡಾಕ್ಟರಮ್ಮ ಸಿಸ್ಟರಿನ ಕಡೆ ತಿರುಗಿದರು. "ನೋವು ಎಷ್ಟು ಅಂದಿದ್ದಾರೆ?"

"ನಿನ್ನೆಯಿಂದ ಮೂರೇ ಮೇಡಂ. ಮಾತ್ರೆ ಮುಟ್ಟಿಲ್ಲ."

"ಮೂರು ಇರೋರು ಹೀಗೆ ಕಂಬಿ ಹಿಡ್ಕೊಂಡು ಮಲಗಲ್ಲ," ಎಂದು ಡಾಕ್ಟರಮ್ಮ ಅಣ್ಣನನ್ನೇ ಕೇಳಿದರು. "ನಿಜ ಹೇಳಿ, ಎಷ್ಟಿದೆ?"

ಅಣ್ಣ ಅವರ ಮುಖ ನೋಡಿದ. "ಮೂರು," ಎಂದ. ಮತ್ತೆ ಅದೇ ನೋಟ. ಯಾರಾದರೂ ಏನಾದರೂ ಹೇಳಲಿ ಎಂದು ಕಾಯುವ, ಹುಬ್ಬು ಅರ್ಧ ಎತ್ತಿದ ನೋಟ. ಅಯ್ಯೋ ನನ್ನ ಬುದ್ಧಿಗಿಷ್ಟು! ದಿನಾ ಬೆಳಿಗ್ಗೆ ಕ್ರೇಟಿನ ಕೆಳಗೆ ನಿಂತು ನೋಡುವ ಮುಖ ಅದು. ಎಲೆಕೋಸಿಗೂ ಅದೇ, ಈರುಳ್ಳಿಗೂ ಅದೇ.

"ಡಾಕ್ಟ್ರೇ," ಎಂದೆ, "ಇವನು ನಿಮಗೆ ನೋವು ಹೇಳ್ತಾ ಇಲ್ಲ. ಹರಾಜು ಶುರು ಮಾಡಿ ಕಾಯ್ತಾ ಇದ್ದಾನೆ."

"ಅಂದ್ರೆ?"

"ಅಂದ್ರೆ, ಮೂರು ಅನ್ನೋದು ಇವನ ಮೊದಲ್ನೇ ಕೂಗು. ನೀವು 'ಛೇ, ಇಲ್ಲ, ನಾಲ್ಕಾದ್ರೂ ಇರ್ಬೇಕು' ಅನ್ಬೇಕಿತ್ತು. ಆಮೇಲೆ ಇನ್ಯಾರೋ ಐದು ಅನ್ಬೇಕಿತ್ತು. ಯಾರೂ ಕೂಗ್ಲಿಲ್ಲ. ಮಾಲು ನಿನ್ನೆಯಿಂದ ಮೂರಕ್ಕೇ ಬಿದ್ದಿದೆ."

"ಹಂಗೇನಿಲ್ಲ ಡಾಕ್ಟ್ರೇ. ಇವಳಿಗೆ ಬಾಯಿ ಜಾಸ್ತಿ," ಎಂದು ಅಣ್ಣ ಪಿಸುಗುಟ್ಟಿದ. ಆದರೆ ಕಿವಿ ತುದಿ ಕೆಂಪಾಗಿತ್ತು. ಸಿಕ್ಕಿಬಿದ್ದ!

ಡಾಕ್ಟರಮ್ಮನಿಗೆ ನಗು ಬಂತು, ಆದರೆ ತಡೆದುಕೊಂಡರು. ಕುರ್ಚಿ ಎಳೆದುಕೊಂಡು ಅವನ ತಲೆಯ ಹತ್ತಿರ ಕೂತರು. "ಕೇಳಿ. ನಿಮಗೆ ನಿದ್ದೆ ಬರಿಸೋ ಬಲವಾದ ಇಂಜೆಕ್ಷನ್ ಕೊಡೋಕೆ ನನಗೆ ಇಷ್ಟ ಇಲ್ಲ. ಅದು ಉಸಿರನ್ನ ಇನ್ನೂ ನಿಧಾನ ಮಾಡುತ್ತೆ. ಮೊದಲೇ ನಿಮ್ಮ ಗೊರಕೆಯಲ್ಲಿ ಉಸಿರು ನಿಂತು ನಿಂತು ಬರುತ್ತೆ ಅಂತ ನಿಮ್ಮ ಮನೆಯವ್ರು ಹೇಳಿದ್ದಾರೆ."

"ಪಕ್ಕದ ಮನೆಯವ್ರೂ ಹೇಳ್ತಾರೆ," ಎಂದೆ ನಾನು.

"ಅದಕ್ಕೇ ಈ ಸಾದಾ ಮಾತ್ರೆಗಳು. ಒಂದೊಂದೂ ಒಂದೊಂದು ದಾರಿಯಲ್ಲಿ ನೋವನ್ನ ಹಿಡಿಯುತ್ತೆ. ಒಟ್ಟಿಗೆ ಕೊಟ್ರೆ ಚೆನ್ನಾಗಿ ಕೆಲಸ ಮಾಡುತ್ತೆ. ಆದ್ರೆ ಹೊತ್ತಿಗೆ ಸರಿಯಾಗಿ ತಗೋಬೇಕು. ನೋವು ನೆತ್ತಿಗೆ ಹತ್ತಿದ ಮೇಲೆ ಇಳಿಸೋದು ಕಷ್ಟ. ನಿಮ್ಮ ಕಿಡ್ನಿ, ಜಠರ ಎಲ್ಲ ನೋಡಿಯೇ ಕೊಟ್ಟಿರೋದು. ಮಾತ್ರೆಗೂ ಬಗ್ಗದಿದ್ರೆ ಪಕ್ಕೆಗೆ ಮರಗಟ್ಟಿಸೋ ಇಂಜೆಕ್ಷನ್ ಇನ್ನೊಂದು ಸಲ ಕೊಡ್ಬಹುದು. ಅದನ್ನೆಲ್ಲ ನಿರ್ಧಾರ ಮಾಡೋಕೆ ನನಗೆ ನಿಮ್ಮ ನಿಜವಾದ ನಂಬರ್ ಬೇಕು."

ಅಣ್ಣ ಸೂರು ನೋಡಿದ. ತುಟಿ ಅಲುಗಿತು, ಮಾತು ಬರಲಿಲ್ಲ. ಹೇಳಬಾರದು ಎಂಬ ಹಟವಲ್ಲ ಅದು, ನನಗೆ ಗೊತ್ತು. ಅವನಿಗೆ ಹೇಳಲು ಬರುತ್ತಿರಲಿಲ್ಲ. ಬದುಕಿಡೀ ಮೊದಲ ಬೆಲೆಯನ್ನು ಸುಳ್ಳೇ ಹೇಳಿದವನಿಗೆ ಒಮ್ಮೆಲೇ ನಿಜ ಹೇಳು ಎಂದರೆ ನಾಲಿಗೆ ಎಲ್ಲಿಂದ ತಿರುಗಬೇಕು? ಆ ಗಳಿಗೆಯಲ್ಲಿ ಅವನ ಮೇಲೆ ನನಗೆ ಎಷ್ಟು ಸಿಟ್ಟು ಬಂತೋ ಅಷ್ಟೇ ಕರುಳು ಚುರುಕ್ಕೆಂದಿತು.

"ಹಾಗಾದ್ರೆ ಕೂಗೇಬಿಡೋಣ," ಎಂದರು ಡಾಕ್ಟರಮ್ಮ. "ಸಿಸ್ಟರ್, ನೀವು ಕೂಗಿ."

ಪಾಪ, ಸಿಸ್ಟರ್ ಕಕ್ಕಾಬಿಕ್ಕಿಯಾದಳು. ಥರ್ಮಾಮೀಟರನ್ನು ಕೈಯಲ್ಲಿ ಹಿಡಿದುಕೊಂಡೇ, ಶಾಲೆಯಲ್ಲಿ ಪದ್ಯ ಒಪ್ಪಿಸುವ ದನಿಯಲ್ಲಿ ಶುರು ಮಾಡಿದಳು. "ಮೂರು... ಮೂರು ಇದೆ... ಯಾರಾದ್ರೂ ನಾಲ್ಕು ಅಂತೀರಾ?"

"ನಾಲ್ಕು," ಎಂದೆ ನಾನು, ಮಾರುಕಟ್ಟೆಯಲ್ಲಿ ಎತ್ತುವ ಹಾಗೆಯೇ ಕೈ ಎತ್ತಿ.

"ಹತ್ತು!" ಎಂದರು ಅತ್ತಿಗೆ.

"ಅತ್ತಿಗೆ, ಸ್ವಲ್ಪ ಸುಮ್ನಿರಿ. ಒಂದೊಂದೇ ಮೆಟ್ಲು ಹತ್ಬೇಕು."

"ನಾಲ್ಕು," ಎಂದಳು ಸಿಸ್ಟರ್, "ನಾಲ್ಕು ಒಂದನೇ ಸಲ, ನಾಲ್ಕು ಎರಡನೇ ಸಲ..."

ಹಾಸಿಗೆಯಿಂದ ಒಂದು ನರಳಾಟ ಕೇಳಿತು. ನಾವೆಲ್ಲ ಬಗ್ಗಿದೆವು. "ಅಷ್ಟು ಬೇಗ ಬೇಡಮ್ಮ," ಎಂದು ಅಣ್ಣ ಉಸಿರಿನ ತುದಿಯಲ್ಲಿ ಹೇಳಿದ. "ಎರಡ್ನೇ ಸಲ ಆದ್ಮೇಲೆ... ಕಾಯ್ಬೇಕು. ಮುಖ ನೋಡ್ಬೇಕು." ಆ ಸ್ಥಿತಿಯಲ್ಲೂ ಕೆಟ್ಟ ಹರಾಜನ್ನು ಸಹಿಸುವ ಶಕ್ತಿ ಅವನಿಗಿರಲಿಲ್ಲ!

ಸಿಸ್ಟರ್ ತಲೆಯಾಡಿಸಿ ಮತ್ತೆ ಕೂಗಿದಳು, ಈಗ ನಿಧಾನವಾಗಿ. ನಾನು ಐದು ಎಂದೆ. ಡಾಕ್ಟರಮ್ಮ ಆರು ಎಂದರು. ನಾನು ಏಳು ಎಂದೆ. ಪಕ್ಕದ ಹಾಸಿಗೆಯಲ್ಲಿದ್ದ, ಕಾಲು ಮುರಿದುಕೊಂಡ ಮುದುಕ ತನಗೂ ಒಂದು ಕೂಗಿರಲಿ ಎಂದು ಪರದೆ ಸರಿಸಿ ಎಂಟು ಎಂದ. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದರು, ಈ ಸಲ ಅವರು ಕೂಗಲಿಲ್ಲ.

"ಎಂಟು," ಎಂದಳು ಸಿಸ್ಟರ್. "ಎಂಟು ಒಂದನೇ ಸಲ." ಕಾದಳು. "ಎಂಟು ಎರಡನೇ ಸಲ." ಮುಖ ನೋಡಿದಳು.

ಹೊದಿಕೆಯ ಮೇಲೆ ಬಿದ್ದಿದ್ದ ಅಣ್ಣನ ಬಲಗೈಯ ತೋರುಬೆರಳು ಮೆಲ್ಲಗೆ ಮೇಲೆ ಎದ್ದಿತು. ಅಷ್ಟು ವರ್ಷ ಕ್ರೇಟಿನ ಮೇಲೆ ನಿಂತವನು, ಕೆಳಗೆ ನಿಂತು ಒಂದು ಕೂಗನ್ನೂ ಕೂಗದವನು.

"ಒಂಬತ್ತು," ಎಂದ.

ಯಾರೂ ನಗಲಿಲ್ಲ. ಅವನ ಕಣ್ಣಂಚಿನಿಂದ ನೀರು ಇಳಿದು ಕಿವಿಯ ಕಡೆ ಹೋಯಿತು. ಈ ಸಲ ಸೆಕೆ ಎನ್ನಲಿಲ್ಲ. ಡಾಕ್ಟರಮ್ಮ ಎದ್ದು, ಅವನ ಭುಜ ಮುಟ್ಟಿ, "ಆಯ್ತು. ಇದನ್ನ ನಿನ್ನೆಯೇ ಹೇಳಿದ್ರೆ ನಿನ್ನೆಯೇ ಇಳಿಸ್ತಿದ್ದೆ," ಎಂದರು. ಅಷ್ಟೇ ಹೇಳಿ ಕೆಲಸಕ್ಕೆ ಹತ್ತಿದರು.

ಪಕ್ಕೆಗೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ಪ್ಯಾರಾಸಿಟಮಾಲನ್ನು ಡ್ರಿಪ್ಪಿನಲ್ಲಿ ಹಾಕಿದರು, ತಿಂದಮೇಲೆ ಊತ ಇಳಿಸುವ ಮಾತ್ರೆ ನುಂಗಿಸಿದರು. ಸಿಸ್ಟರ್ ಒಂದು ದಿಂಬು ತಂದು, ಗಾಯದ ಮೇಲೆ ಅದನ್ನು ಎರಡೂ ಕೈಯಿಂದ ಒತ್ತಿಹಿಡಿದು ಕೆಮ್ಮುವುದನ್ನು ತೋರಿಸಿಕೊಟ್ಟಳು. ಸ್ವಲ್ಪ ಹೊತ್ತಿಗೆ ಅಣ್ಣನ ಹಣೆಯ ಗಂಟು ಸಡಿಲಾಯಿತು. ಕಂಬಿ ಹಿಡಿದಿದ್ದ ಕೈ ತಾನಾಗಿ ಬಿಟ್ಟಿತು.

"ಈಗ ಎಷ್ಟು ಅಂಕಲ್?"

ಅಣ್ಣ ಬಾಯಿ ತೆರೆದ, ಮುಚ್ಚಿದ, ಒಳಗೇ ಏನೋ ಕೂಡಿ ಕಳೆದ. "ಐದು. ಐದೇ. ಪೂರ್ತಿ ಹೋಗಲ್ವಾ ಇದು?"

"ಸೊನ್ನೆ ಮಾಡೋದು ನಮ್ಮ ಗುರಿ ಅಲ್ಲ ಅಂಕಲ್. ನೀವು ಕೆಮ್ಮೋ ಹಾಗೆ, ನಡೆಯೋ ಹಾಗೆ ಆದ್ರೆ ಸಾಕು. ಕೆಮ್ಮಿ."

ಕೆಮ್ಮಿದ. ನೋಡಲು ಚೆಂದವೇನೂ ಇರಲಿಲ್ಲ. ದಿಂಬು ತಬ್ಬಿಕೊಂಡು, ಮುಖ ಕಿವುಚಿ, ನಮ್ಮ ವಂಶದವರನ್ನೆಲ್ಲ ನೆನೆಸಿಕೊಂಡು ಕೆಮ್ಮಿದ. ಬಟ್ಟಲಿಗೆ ಬಿದ್ದ ಕಫವನ್ನು ಸಿಸ್ಟರ್ ಚಿನ್ನದ ಹಾಗೆ ಬೆಳಕಿಗೆ ಹಿಡಿದು ನೋಡಿ, "ಶಭಾಷ್ ಅಂಕಲ್!" ಎಂದಳು. ಅವನಿಗೆ ಹೆಮ್ಮೆಯಾದದ್ದು ಮುಖದಲ್ಲಿ ಗೊತ್ತಾಗುತ್ತಿತ್ತು. ಸಂಜೆಯೊಳಗೆ ಚೆಂಡಿನ ಡಬ್ಬಿಯಲ್ಲಿ ಮೊದಲ ಚೆಂಡು ಸೂರು ಮುಟ್ಟಿತು, ಎರಡನೆಯದು ಅರ್ಧ ದಾರಿ ಹೋಗಿ ಬಂತು. ಕಂಪನಿಯವರ ಮೋಸದ ಮಾತು ಮತ್ತೆ ಬರಲಿಲ್ಲ.

ಅತ್ತಿಗೆಯೋ, ಈಗ ಮಾತ್ರೆಯ ಕಾವಲಿಗೆ ನಿಂತರು. ಫೋನಿನಲ್ಲಿ ಅಲಾರಾಂ ಇಟ್ಟುಕೊಂಡು, ಅದು ಹೊಡೆಯುವ ಮೊದಲೇ ಸಿಸ್ಟರಿನ ಹಿಂದೆ ಹೋಗುತ್ತಿದ್ದರು. ನಿನ್ನೆ ಎರಡನೇ ದರ್ಜೆಯ ಮಾಲಾಗಿದ್ದದ್ದು ಇವತ್ತು ಅಮೃತವಾಗಿತ್ತು. ಹಾಗೆಂದು ವ್ಯಾಪಾರ ಬಿಟ್ಟಿರಲಿಲ್ಲ. "ಇಷ್ಟು ಚೆನ್ನಾಗಿ ಕೆಲಸ ಮಾಡುತ್ತೆ ಅಂದ್ಮೇಲೆ ಒಂದರ ಜೊತೆ ಇನ್ನೊಂದು ಹಾಕಿ ಕೊಡಮ್ಮ," ಎಂದು ಕೇಳಿ, ಹೆಚ್ಚಾದರೆ ಲಿವರ್ ಕೆಡುತ್ತದೆ ಎಂದು ಸಿಸ್ಟರಿನಿಂದ ಪಾಠ ಹೇಳಿಸಿಕೊಂಡು ಬಂದರು. ಬಂದವರು ಅಣ್ಣನಿಗೆ ಅದೇ ಪಾಠವನ್ನು ಹತ್ತು ಪಟ್ಟು ಮಾಡಿ ಒಪ್ಪಿಸಿದರು. ಅವನು ಅತ್ತಿಗೆಯ ಭುಜ ಹಿಡಿದು ವಾರ್ಡಿನ ಆ ತುದಿಯವರೆಗೆ ನಡೆದು ಬಂದ. ಹೋಗುವಾಗ ಕಾಲು ಮುರಿದ ಮುದುಕನಿಗೆ, "ಎಂಟು ಕೂಗಿದ್ದು ನೀವಾ? ಒಳ್ಳೆ ಕೂಗು," ಎಂದು ಮರ್ಯಾದೆಯನ್ನೂ ಕೊಟ್ಟ.

ಮರುದಿನದ ಎಕ್ಸ್‌ರೇ ಚೆನ್ನಾಗಿಯೇ ಬಂತು. ಇದನ್ನು ಈಗಲೇ ಹೇಳಿಬಿಡುತ್ತೇನೆ. ನಿಮ್ಮನ್ನು ತುದಿಗಾಲಲ್ಲಿ ನಿಲ್ಲಿಸುವ ಆಸೆ ನನಗಿಲ್ಲ, ನಾನು ನಿಂತದ್ದೇ ಸಾಕು. ಮಬ್ಬು ಮುಕ್ಕಾಲು ಪಾಲು ಕರಗಿತ್ತು, ನಳಿಕೆಯ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ, ಎರಡು ತಿಂಗಳಿಗೆ ಅಣ್ಣ ಕ್ರೇಟು ಹತ್ತಿದ. ನಾನು ಹೇಳಬೇಕಾದದ್ದು ಅದಲ್ಲ. ಅದಕ್ಕೂ ಮುಂಚೆ, ಫಲಿತಾಂಶ ಏನೆಂದು ನಮಗೆ ಯಾರಿಗೂ ಗೊತ್ತಿಲ್ಲದಿದ್ದಾಗ, ಎಕ್ಸ್‌ರೇ ಕೋಣೆಯ ಬಾಗಿಲ ಹೊರಗೆ ನಡೆದದ್ದನ್ನು ಹೇಳಬೇಕು.

ಅಣ್ಣ ಗಾಲಿಕುರ್ಚಿಯಲ್ಲಿ ದಿಂಬನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಅತ್ತಿಗೆ ಪಕ್ಕದ ಬೆಂಚಿನ ತುದಿಯಲ್ಲಿ ಕೂತಿದ್ದರು. ನಾನು ಗೋಡೆಗೆ ಒರಗಿ ನಿಂತಿದ್ದೆ. ಫಿನಾಯಿಲ್ ವಾಸನೆ, ಯಾರದೋ ಚಪ್ಪಲಿಯ ಸದ್ದು. ಬಾಗಿಲ ಮೇಲೆ ಕೆಂಪು ದೀಪ ಉರಿಯುತ್ತಿತ್ತು, ಒಳಗೆ ಇನ್ಯಾರೋ ಇದ್ದರು.

"ರೀ, ನೋವು ಎಷ್ಟಿದೆ?" ಎಂದರು ಅತ್ತಿಗೆ.

"ನಾಲ್ಕು."

"ಕೂಗೋ ನಾಲ್ಕೋ, ನಿಜವಾದ ನಾಲ್ಕೋ?"

"ನಿಜವಾದ್ದೇ ಕಣೇ."

ಅತ್ತಿಗೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು. ಅವನ ಕಡೆ ನೋಡದೆ ಕೇಳಿದರು, "ಭಯ ಎಷ್ಟಿದೆ?"

ಇಷ್ಟು ವರ್ಷದ ಸಂಸಾರದಲ್ಲಿ ಈ ಪ್ರಶ್ನೆಯನ್ನು ಯಾರೂ ಅವನಿಗೆ ಕೇಳಿರಲಿಲ್ಲ. ಈಗ 'ಸ್ವಲ್ಪ' ಎನ್ನುತ್ತಾನೆ, ಇಲ್ಲವೆಂದರೆ ನನಗೆ ಬಾಯಿ ಜಾಸ್ತಿ ಎಂದು ನನ್ನ ಮೇಲೆ ತಿರುಗುತ್ತಾನೆ ಎಂದುಕೊಂಡೆ. ಅಣ್ಣ ಕೆಂಪು ದೀಪವನ್ನು ನೋಡುತ್ತಿದ್ದ.

"ಹತ್ತು," ಎಂದ.

ತಡವರಿಸಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಅತ್ತಿಗೆ ಬೆಂಚಿನಿಂದ ಜರುಗಿ ಅವನ ಕುರ್ಚಿಗೆ ತಾಗಿ ಕೂತರು.

"ನಂದು ಹನ್ನೊಂದು," ಎಂದರು.

ಅಣ್ಣ ಅವರ ಕಡೆ ತಿರುಗಿದ. "ಹತ್ತರ ಮೇಲೆ ಇಲ್ಲ ಅಂದ್ರಲ್ಲೇ ಸಿಸ್ಟರ್."

"ಅವಳಿಗೇನು ಗೊತ್ತು? ನನಗೆ ಇದೆ."

ಅವರು ಜೀವಮಾನದಲ್ಲಿ ಹೇಳಿದ ಬೆಲೆಗಳಲ್ಲಿ ಅದೊಂದೇ ನಿಜವಾದದ್ದಿರಬೇಕು. ಅವನಿಗೂ ಅದು ಗೊತ್ತಾಯಿತು. ದಿಂಬಿನ ಮೇಲಿದ್ದ ಕೈಯನ್ನು ತೆಗೆದು ಅವರ ಕೈ ಹಿಡಿದುಕೊಂಡ. ಕೆಂಪು ದೀಪ ಆರಿತು. ಬಾಗಿಲು ತೆರೆದವನು ರೋಗಿ ಒಬ್ಬರೇ ಒಳಗೆ ಬರಬೇಕು ಎಂದ. ಅಣ್ಣ ಕೇಳಿಸದವನ ಹಾಗೆ ಕೂತಿದ್ದ, ಅವರ ಕೈ ಬಿಡಲಿಲ್ಲ.